ಹಿರಿಯರನ್ನು ಆರೈಕೆ ಮನೆಗೆ ಸೇರಿಸುವ ಮುನ್ನ: ಕೊಡಗಿನಲ್ಲಿ ಏನು ನೋಡಬೇಕು, ಹೇಗೆ ನೋಡಬೇಕು

ಮಕ್ಕಳು ಬೆಂಗಳೂರಲ್ಲೋ ಸೈನ್ಯದಲ್ಲೋ ವಿದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವುದು ಕೊಡಗಿನಲ್ಲಿ ಈಗ ಹೊಸದಲ್ಲ. ಅವರಲ್ಲೊಬ್ಬರು ಜಾರಿಬಿದ್ದು ಸೊಂಟ ಮುರಿದುಕೊಂಡರೆ, ಪಾರ್ಶ್ವವಾಯು ಹೊಡೆದರೆ, ಮರೆವು ಜೋರಾದರೆ ಮನೆಯಲ್ಲೇ ನೋಡಿಕೊಳ್ಳುವುದು ಕೈಮೀರುತ್ತದೆ. ಆಗ ಗಡಿಬಿಡಿಯ ಹುಡುಕಾಟ ಶುರುವಾಗುತ್ತದೆ. ಹೆಚ್ಚಿನವರು ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ, ಹೂದೋಟ, ಟೈಲ್ಸ್, ಟಿ.ವಿ. ಇಟ್ಟ ಹಾಲ್ ನೋಡಿ, ಮ್ಯಾನೇಜರ್ ಕೊಟ್ಟ ಕಾಫಿ ಕುಡಿದು, ಮುಂಗಡ ಕಟ್ಟಿ ಬರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಕಡೆಯೂ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸ್ನಾನ ಮುಗಿದಿರುತ್ತದೆ, ನೆಲ ಒರೆಸಿರುತ್ತಾರೆ, ಸಿಬ್ಬಂದಿ ತುಂಬಿರುತ್ತಾರೆ. ಆರೈಕೆ ಕೈಕೊಡುವುದು ರಾತ್ರಿ ಎರಡಕ್ಕೆ, ಜುಲೈನಲ್ಲಿ ಮೂರು ದಿನ ಕರೆಂಟ್ ಹೋದಾಗ, ಪುತ್ತರಿ ಹಬ್ಬಕ್ಕೆ ಅರ್ಧ ಜನ ರಜೆ ಹಾಕಿದಾಗ. ಹಾಗಾಗಿ ಈ ಬರಹದಲ್ಲಿ ಕಟ್ಟಡದ ಬಗ್ಗೆ ಕಮ್ಮಿ, ರಾತ್ರಿ ಪಾಳಿ ಮತ್ತು ಮಳೆಗಾಲದ ಬಗ್ಗೆ ಜಾಸ್ತಿ ಇದೆ.

ಬೋರ್ಡು ಒಂದು, ಒಳಗಿನ ಕೆಲಸ ಇನ್ನೊಂದು

ಮೊದಲು ಅದು ಯಾವ ಬಗೆಯ ಜಾಗ ಎಂದು ಖಚಿತ ಮಾಡಿಕೊಳ್ಳಿ. ಎದ್ದು ಓಡಾಡುವವರನ್ನು ಮಾತ್ರ ಇಟ್ಟುಕೊಳ್ಳುವ ವೃದ್ಧಾಶ್ರಮಗಳಿವೆ, ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ಮನೆಗಳಿವೆ, ವೈದ್ಯರಿರುವ ಸಣ್ಣ ಆಸ್ಪತ್ರೆಗಳಿವೆ. ಚಿಕಿತ್ಸೆ ಕೊಡುವ ಯಾವುದೇ ಖಾಸಗಿ ಸಂಸ್ಥೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಎಲ್ಲರೂ ಇದನ್ನು ಕೆಪಿಎಂಇ ಎನ್ನುತ್ತಾರೆ. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಣ್ಣಿಗೆ ಕಾಣುವ ಹಾಗೆ ತೂಗುಹಾಕಿರಬೇಕು. ನೋಂದಣಿಯ ಅವಧಿ 5 ವರ್ಷ, ಹಾಗಾಗಿ ಪತ್ರದಲ್ಲಿರುವ ದಿನಾಂಕ ಓದಿ. ಬರೀ ವೃದ್ಧಾಶ್ರಮವಾದರೆ ಈ ಪತ್ರ ಇರಲಿಕ್ಕಿಲ್ಲ. ಅದು ತಪ್ಪೇನಲ್ಲ. ಆದರೆ ಅಂಥ ಜಾಗದಲ್ಲಿ ಡ್ರಿಪ್ ಹಾಕುತ್ತಿದ್ದರೆ, ಇಂಜೆಕ್ಷನ್ ಕೊಡುತ್ತಿದ್ದರೆ, ಮೂಗಿನ ನಳಿಕೆ ಬದಲಾಯಿಸುತ್ತಿದ್ದರೆ, ಆ ಕೆಲಸ ಯಾರು ಮಾಡುತ್ತಾರೆ, ಅವರು ಏನು ಓದಿದ್ದಾರೆ ಎಂದು ಕೇಳಲೇಬೇಕು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಆದವರಿಗೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಬಿಳಿ ಅಂಗಿ ಹಾಕಿದವರೆಲ್ಲ ನರ್ಸ್ ಅಲ್ಲ.

ಹೋಗುವ ಮೊದಲು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ತಾವಾಗಿ ಏಳಲಾಗದವರು ಎಷ್ಟು ಮಂದಿ, ನಿನ್ನೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ಎಚ್ಚರವಿದ್ದು ಕೆಲಸ ಮಾಡಿದವರು ಎಷ್ಟು ಜನ. “ಸಿಬ್ಬಂದಿ ಒಟ್ಟು ಹನ್ನೆರಡು” ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಅಡುಗೆಯವರು, ಡ್ರೈವರ್, ತೋಟದವರು ಎಲ್ಲ ಸೇರಿರುತ್ತಾರೆ. “ರಾತ್ರಿ ಇಬ್ಬರು ಇಲ್ಲೇ ಮಲಗುತ್ತಾರೆ” ಎಂದರೆ ಮಲಗುತ್ತಾರೆ ಎಂದೇ ಅರ್ಥ.

ರಾತ್ರಿ ಪಾಳಿಯ ಲೆಕ್ಕ

ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಮಗ್ಗುಲು ಬದಲಾಯಿಸಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಡೈಪರ್ ನೋಡಿ, ಒದ್ದೆಯಾಗಿದ್ದರೆ ಬದಲಿಸಿ, ಚರ್ಮ ಒರೆಸಿ, ಬೆನ್ನಿಗೆ ದಿಂಬು ಕೊಟ್ಟು ಒರಗಿಸುವುದಕ್ಕೆ ಒಬ್ಬರಿಗೆ ಹತ್ತು ನಿಮಿಷ ಹಿಡಿಯಿರಿ. ಭಾರದ ಮೈಯವರಾದರೆ ಇಬ್ಬರು ಬೇಕು. ಒಬ್ಬರೇ ಎಳೆದರೆ ಹಾಸಿಗೆಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಅಂಥವರು ಎಂಟು ಜನ ಇದ್ದರೆ ಒಂದು ಸುತ್ತಿಗೆ 80 ನಿಮಿಷ. ಎರಡು ಗಂಟೆಯಲ್ಲಿ ಉಳಿಯುವುದು 40 ನಿಮಿಷ. ಅಷ್ಟರಲ್ಲಿ ಬಾತ್‌ರೂಮಿಗೆ ಕರೆದೊಯ್ಯುವುದು, ಬೆಲ್ ಒತ್ತಿದವರ ಹತ್ತಿರ ಹೋಗುವುದು, ಎದ್ದು ಓಡಾಡುವ ಮರೆವಿನವರನ್ನು ಮಲಗಿಸುವುದು ಎಲ್ಲ ಆಗಬೇಕು. ಅಂದರೆ ಎಂಟು ಜನ ಹಾಸಿಗೆ ಹಿಡಿದವರಿರುವ ಮನೆಯಲ್ಲಿ ರಾತ್ರಿಗೆ ಇಬ್ಬರಿದ್ದರೇ ಕಷ್ಟ. ಒಬ್ಬರೇ ಇದ್ದರೆ ಹೊರಳಿಸುವ ಕೆಲಸ ನಡೆಯುತ್ತಿಲ್ಲ ಎಂದೇ ತಿಳಿಯಬೇಕು, ರಿಜಿಸ್ಟರಿನಲ್ಲಿ ಏನೇ ಬರೆದಿರಲಿ.

ಇನ್ನು ರಿಜಿಸ್ಟರು. ಹೊರಳಿಸಿದ ಹೊತ್ತು ಬರೆಯುವ ಹಾಳೆಯನ್ನು ಕೇಳಿ ನೋಡಿ. ನಿಜವಾಗಿ ಕೆಲಸ ನಡೆದ ಹಾಳೆ ಸ್ವಲ್ಪ ಗಲೀಜಾಗಿರುತ್ತದೆ: 8.10, 10.25, 12.15, ನಡುವೆ ಒಂದು ಬಿಟ್ಟುಹೋದದ್ದು, ಎರಡು ಮೂರು ಕೈಬರಹ, ಬೇರೆ ಬೇರೆ ಪೆನ್ನು. ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ 8, 10, 12, 2 ಎಂದು ಸಾಲಾಗಿ ಬರೆದಿದ್ದರೆ ಅದು ಬೆಳಿಗ್ಗೆ ಕೂತು ತುಂಬಿಸಿದ್ದು. ನೀವು ಹನ್ನೊಂದಕ್ಕೆ ನೋಡುವಾಗ ಮಧ್ಯಾಹ್ನ ಎರಡರ ಸಹಿಯೂ ಆಗಿಹೋಗಿದ್ದರೆ ಮಾತೇ ಬೇಡ.

ಹಾಳೆಗಿಂತ ಮೈ ನಂಬಿಕಸ್ಥ ಸಾಕ್ಷಿ. ಒಂದು ಕೋಣೆಯಲ್ಲಿ ಗೋಡೆ ಕಡೆ ಮುಖಮಾಡಿ ಮಲಗಿದ್ದವರನ್ನು ಗಮನಿಸಿಕೊಂಡು, ಪೇಟೆಗೆ ಹೋಗಿ ಊಟ ಮಾಡಿ ಮೂರು ಗಂಟೆ ಬಿಟ್ಟು ವಾಪಸು ಬನ್ನಿ. ಅವರು ಅದೇ ಮಗ್ಗುಲಲ್ಲೇ ಇದ್ದರೆ ಉತ್ತರ ಸಿಕ್ಕಿತು. ಕಾಲಿನ ಕಡೆಯೂ ನೋಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದ್ದರೆ ಅಲ್ಲಿ ಕೆಲಸ ಗೊತ್ತಿರುವವರು ಇದ್ದಾರೆ. ಬೆಡ್ ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಮೊದಲು ಬರುವುದು ಬೆನ್ನಿನ ತಳದಲ್ಲಿ, ಹಿಮ್ಮಡಿಯಲ್ಲಿ, ಸೊಂಟದ ಪಕ್ಕದ ಎಲುಬಿನ ಮೇಲೆ. ನಡುವೆ ತೂತಿರುವ ರಬ್ಬರ್ ರಿಂಗನ್ನು ಕೂರಲು ಕೊಟ್ಟಿದ್ದರೆ ಅದು ಹಳೇ ಪದ್ಧತಿ. ರಿಂಗಿನ ಅಂಚೇ ರಕ್ತ ಹರಿಯದಂತೆ ತಡೆದು ಹುಣ್ಣನ್ನು ಜಾಸ್ತಿ ಮಾಡುತ್ತದೆ.

ಮೂಗು, ಉಗುರು, ಬಾಯಿ

ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಇದ್ದರೆ ಯಾರಿಗೋ ಈಗಷ್ಟೇ ಆಗಿರಬಹುದು, ಅದಕ್ಕೆ ಬೆಲೆ ಕೊಡಬೇಡಿ. ವರಾಂಡ, ಹಾಲ್, ಊಟದ ಜಾಗ ಎಲ್ಲ ಕಡೆ ಒಂದೇ ಸಮ ವಾಸನೆ ಇದ್ದರೆ ಅದು ಹಾಸಿಗೆಯೊಳಗೆ ಇಳಿದಿದೆ. ಕಣ್ಣು ಉರಿಯುವಷ್ಟು ಫಿನಾಯಿಲ್ ವಾಸನೆ ಬಂದರೂ ಅನುಮಾನವೇ. ಹೊರಗೆ ಥಳುಕು, ಒಳಗೆ ಹುಳುಕು.

ಹಿರಿಯರ ಜೊತೆ ಮಾತಾಡುವಾಗ ಕೈ ಹಿಡಿದುಕೊಳ್ಳಿ, ಹಾಗೇ ಉಗುರು ನೋಡಿ. ಕೈ ಉಗುರು ಎಲ್ಲರೂ ಕತ್ತರಿಸುತ್ತಾರೆ. ಕಾಲುಗುರು ಕತ್ತರಿಸಿದ್ದರೆ ಆರೈಕೆ ಇದೆ. ನಾಲಿಗೆ ಒಣಗಿ ಬಿಳಿ ಪದರ ಕಟ್ಟಿದ್ದರೆ ನೀರೂ ಸಾಲುತ್ತಿಲ್ಲ, ಬಾಯಿಯೂ ತೊಳೆಯುತ್ತಿಲ್ಲ. ಹಲ್ಲಿನ ಸೆಟ್ಟು ಎಲ್ಲಿದೆ ಕೇಳಿ, ಹೆಸರು ಬರೆದ ಡಬ್ಬಿಯಲ್ಲಿ ನೀರು ಹಾಕಿ ಇಟ್ಟಿರಬೇಕು. ಕಣ್ಣಿನ ಪಿಸಿರು, ಕಿವಿಯ ಹಿಂಭಾಗ, ಗಂಡಸರ ಗಡ್ಡ ಇವೂ ಹೇಳುತ್ತವೆ.

ಮೂತ್ರದ ಚೀಲ ಹಾಕಿದವರಿದ್ದರೆ ಚೀಲ ಎಲ್ಲಿ ನೇತಾಡುತ್ತಿದೆ ನೋಡಿ. ಅದು ಕಿಬ್ಬೊಟ್ಟೆಗಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಹೊಟ್ಟೆಯ ಮೇಲಿಟ್ಟು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಮೂಗಿನ ನಳಿಕೆಯಲ್ಲಿ ಊಟ ಕೊಡುವವರ ತಲೆಕಡೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಕೊಟ್ಟ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ಮಟ್ಟಸ ಮಲಗಿಸಿ ಗಂಜಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ಮೈಮೇಲೆ ತರಚು, ಕಲೆ ವಯಸ್ಸಾದವರಲ್ಲಿ ಸಾಮಾನ್ಯ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಇನ್ನೂ ಜಾಸ್ತಿ. ಆದರೆ ತೋಳಿನ ಒಳಭಾಗದಲ್ಲಿ ಬೆರಳಿನ ಗುರುತು, ಎರಡೂ ಮಣಿಕಟ್ಟಿನಲ್ಲಿ ಒಂದೇ ತರದ ಕಲೆ ಇದ್ದರೆ ಹಿಡಿದೆಳೆದಿದ್ದಾರೆ ಅಥವಾ ಕಟ್ಟಿದ್ದಾರೆ. ಮಂಚಕ್ಕೆ ಸೀರೆ ತುಂಡೋ ಬ್ಯಾಂಡೇಜೋ ಗಂಟು ಹಾಕಿದ್ದು ಕಂಡರೆ ಕೇಳಿ. “ಬೀಳಬಾರದು ಅಂತ” ಎಂಬ ಸಮಜಾಯಿಷಿ ಬರುತ್ತದೆ. ಕಟ್ಟಿದವರು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಮಂಚವನ್ನೇ ತಗ್ಗಿಸಿ, ಪಕ್ಕದಲ್ಲಿ ಹಾಸಿಗೆ ಹಾಸುವುದು ಸರಿಯಾದ ದಾರಿ.

ಹನ್ನೊಂದು ಗಂಟೆಗೆ ಇಡೀ ಹಾಲ್ ತೂಕಡಿಸುತ್ತಿದ್ದರೆ ಅದು ಶಾಂತಿಯಲ್ಲ, ಮಾತ್ರೆ. ಮರೆವಿನವರಿಗೆ ನಿದ್ದೆ ಬರುವ ಔಷಧ ಕೊಡುವುದಾದರೆ ಯಾವ ವೈದ್ಯರು, ಯಾವಾಗ, ಯಾಕೆ ಬರೆದರು, ನಿಲ್ಲಿಸುವುದು ಯಾವಾಗ ಎಂಬುದು ಚೀಟಿಯಲ್ಲಿರಬೇಕು, ಮನೆಯವರಿಗೂ ಗೊತ್ತಿರಬೇಕು.

ಬಿದ್ದವರ ರಿಜಿಸ್ಟರ್ ಇದೆಯೇ ಎಂದು ಕೇಳಿದಾಗ “ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ” ಎಂದರೆ ಹೆದರಿಕೊಳ್ಳಿ. ಇಪ್ಪತ್ತು ಜನ ವಯಸ್ಸಾದವರಿರುವ ಕಡೆ ವರ್ಷಕ್ಕೆ ಒಬ್ಬರೂ ಬೀಳದಿರುವುದು ಸಾಧ್ಯವಿಲ್ಲ, ಬರೆದಿಟ್ಟಿಲ್ಲ, ಅಷ್ಟೆ. ಎಲ್ಲಿ ಬಿದ್ದರು, ಎಷ್ಟು ಹೊತ್ತಿಗೆ, ಆಮೇಲೆ ಏನು ಬದಲಾಯಿಸಿದಿರಿ ಎಂಬುದಕ್ಕೆ ಉತ್ತರ ಕೊಡುವ ಜಾಗ ಒಳ್ಳೆಯದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ನರ್ಸನ್ನೇ ಕೇಳಿ ನೋಡಿ, ಗೊತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಬಾತ್‌ರೂಮಿಗೆ ನೀವೇ ಹೋಗಿ. ಹಿಡಿಕಂಬಿಯನ್ನು ಜಗ್ಗಿ ನೋಡಿ, ಟೈಲ್ಸ್‌ಗೆ ಬರೀ ತಿರುಗಿಸಿ ಕೂರಿಸಿದ ಸ್ಕ್ರೂ ಮಳೆಗಾಲ ಎರಡು ಕಳೆಯುವಷ್ಟರಲ್ಲಿ ಸಡಿಲವಾಗಿರುತ್ತದೆ. ಕಮೋಡ್ ಪಕ್ಕದ ಬೆಲ್ ಒತ್ತಿ ಗಡಿಯಾರ ನೋಡಿಕೊಳ್ಳಿ. ಹಗಲಿನಲ್ಲಿ ಐದು ನಿಮಿಷದೊಳಗೆ ಯಾರೂ ಬರದಿದ್ದರೆ ರಾತ್ರಿ ಬರುವುದೇ ಇಲ್ಲ.

ಔಷಧಿ ಮತ್ತು ಊಟ

ಔಷಧಿ ಡಬ್ಬಿ ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಹೆಸರಿರಬೇಕು. ಕೊಟ್ಟ ಮೇಲೆ ಸಹಿಯೇ ಹೊರತು ಮೊದಲೇ ಅಲ್ಲ. ನುಂಗಲು ಆಗದವರಿಗೆ ಮಾತ್ರೆ ಪುಡಿ ಮಾಡಿ ಕೊಡುತ್ತೀರಾ ಎಂದು ಕೇಳಿ. “ಹೌದು, ಎಲ್ಲ ಸೇರಿಸಿ ಪುಡಿ ಮಾಡ್ತೇವೆ” ಎಂದರೆ ಅಪಾಯ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಎಂದಿರುವ ಮಾತ್ರೆಗಳು ನಿಧಾನಕ್ಕೆ ಕರಗಲೆಂದು ಮಾಡಿದವು. ಪುಡಿ ಮಾಡಿದರೆ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಹಾಕಿದ ಹೊತ್ತು ಮತ್ತು ಊಟದ ಹೊತ್ತು ಎರಡನ್ನೂ ಕೇಳಿ. ಏಳಕ್ಕೆ ಇನ್ಸುಲಿನ್ ಹಾಕಿ, ಅಡುಗೆ ತಡವಾಗಿ ಎಂಟಕ್ಕೆ ತಟ್ಟೆ ಬಂದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ತೊದಲು, ಎಚ್ಚರ ತಪ್ಪುವುದು ಎಲ್ಲ ಆಗುತ್ತದೆ. ರಾತ್ರಿ ಇದಾದರೆ ನಿದ್ದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನಲ್ಲಿರಬೇಕು, ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದ್ದನ್ನು ಬಿಸಾಡಬೇಕು.

ಊಟದ ಹೊತ್ತಿಗೇ ಹೋಗಿ ಕೂತು ನೋಡುವುದು ಬಹಳ ಲಾಭದ ಕೆಲಸ. ನುಂಗಲು ಕಷ್ಟವಿರುವವರಿಗೆ ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ತುತ್ತು ತಿನ್ನಿಸಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಬ್ಬ ಆಯಾ ಅಷ್ಟೇ ಹೊತ್ತಿನಲ್ಲಿ ಮೂವರನ್ನು ಮುಗಿಸಿದರೆ ತುರುಕುತ್ತಿದ್ದಾಳೆ ಎಂದರ್ಥ. ಊಟದ ನಡುವೆ ಕೆಮ್ಮು, ನೀರು ಕುಡಿದ ಮೇಲೆ ಗೊರಗೊರ ದನಿ ಕೇಳಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತಿದೆ. ಆಯಾ ನಿಂತುಕೊಂಡು ಮೇಲಿನಿಂದ ತಿನ್ನಿಸುತ್ತಾಳೋ, ಎದುರಿಗೆ ಕೂತೋ? “ಏಯ್, ಬಾಯಿ ತೆಗಿ” ಎನ್ನುತ್ತಾಳೋ, “ಅವ್ವಾ, ಒಂದು ತುತ್ತು ತಗೊಳ್ಳಿ” ಎನ್ನುತ್ತಾಳೋ? ಇದಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ.

ರಾತ್ರಿ ಊಟ ಆರಕ್ಕೇ ಮುಗಿಸಿ, ಬೆಳಿಗ್ಗೆ ತಿಂಡಿ ಎಂಟೂವರೆಗೆ ಕೊಟ್ಟರೆ ಹದಿನಾಲ್ಕೂವರೆ ಗಂಟೆ ಖಾಲಿ ಹೊಟ್ಟೆ. ಸಿಬ್ಬಂದಿಯ ಅನುಕೂಲಕ್ಕೆ ಹಲವು ಕಡೆ ಹೀಗೇ ನಡೆಯುತ್ತದೆ. ಮಲಗುವ ಮುನ್ನ ಹಾಲೋ ರಾಗಿ ಗಂಜಿಯೋ ಕೊಡುತ್ತಾರೆಯೇ ಕೇಳಿ.

ಕೊಡಗಿನವರಿಗೆ ಇನ್ನೊಂದು ಮಾತು. ಬದುಕಿಡೀ ಮಾಂಸ ತಿಂದ ಕೊಡವ ಅಜ್ಜನನ್ನು ಶುದ್ಧ ಸಸ್ಯಾಹಾರಿ ಮನೆಗೆ ಸೇರಿಸಿದರೆ ಮೊದಲ ತಿಂಗಳಲ್ಲೇ ಊಟ ಬಿಡುತ್ತಾರೆ, ಸೊರಗುತ್ತಾರೆ. ಮೊಟ್ಟೆ ಕೊಡುತ್ತಾರಾ, ಮನೆಯಿಂದ ಪಂದಿ ಕರಿ (ಹಂದಿ ಮಾಂಸದ ಸಾರು) ತಂದುಕೊಡಲು ಬಿಡುತ್ತಾರಾ ಎಂದು ಮೊದಲೇ ಮಾತಾಡಿಕೊಳ್ಳಿ. ಗಟ್ಟಿ ಅಕ್ಕಿ ರೊಟ್ಟಿ ಹಲ್ಲಿಲ್ಲದವರಿಗೆ ಆಗದು. ಅಕ್ಕಿ ಶಾವಿಗೆಯಂಥ ನೂಪುಟ್ಟನ್ನು ಹಾಲಿನಲ್ಲಿ ನೆನೆಸಿದರೆ ಸಲೀಸು. ಅಡುಗೆಯವರಿಗೆ ಇಷ್ಟು ಹೊಳೆಯುತ್ತದೆಯೇ ಎಂಬುದೂ ಒಂದು ಪರೀಕ್ಷೆಯೇ.

ತೂಕದ ಪುಸ್ತಕ ಕೇಳಿ. ತಿಂಗಳಿಗೊಮ್ಮೆ ತೂಕ ನೋಡಬೇಕು. ಒಂದೇ ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 50 ಕೆ.ಜಿ. ಇದ್ದವರು ಎರಡೂವರೆ ಕೆ.ಜಿ. ಇಳಿದರೆ ವೈದ್ಯರಿಗೆ ತೋರಿಸಲೇಬೇಕು. ನಿಲ್ಲಲಾಗದವರ ಮೀನಖಂಡದ ದಪ್ಪ ಭಾಗವನ್ನು ದರ್ಜಿಯ ಟೇಪಿನಲ್ಲಿ ಅಳೆದು ಬರೆದಿಟ್ಟರೂ ಸಾಕು, ಇಳಿಯುತ್ತಾ ಹೋದರೆ ಗೊತ್ತಾಗುತ್ತದೆ.

ಮಳೆಗಾಲಕ್ಕೆ ಆ ಮನೆ ತಯಾರಿದೆಯೇ?

ಮೈಸೂರಿನಲ್ಲಿ ಚೆನ್ನಾಗಿ ನಡೆಯುವ ವ್ಯವಸ್ಥೆ ಮಡಿಕೇರಿಯ ಜುಲೈಯಲ್ಲಿ ನಡೆಯಲಿಕ್ಕಿಲ್ಲ. ಮರ ಬಿದ್ದು ಚೆಸ್ಕಾಂ ಲೈನ್ ಹರಿದರೆ ಒಳನಾಡಿನಲ್ಲಿ ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಜೊತೆಗೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ.

ಕರೆಂಟ್ ಹೋದರೆ ಮೊದಲು ಸೋಲುವುದು ಗಾಳಿ ಹಾಸಿಗೆ. ಬೆಡ್ ಸೋರ್ ಆಗದಿರಲೆಂದು ಹಾಕುವ ಈ ಹಾಸಿಗೆಗೆ ಪಂಪ್ ಸದಾ ಗಾಳಿ ತುಂಬುತ್ತಿರಬೇಕು. ಪಂಪ್ ನಿಂತರೆ ಗಾಳಿ ನಿಧಾನಕ್ಕೆ ಇಳಿದು, ಮಲಗಿದವರ ಬೆನ್ನು ಮಂಚದ ಹಲಗೆಗೆ ತಾಗುತ್ತದೆ. ಕೆಲವದರಲ್ಲಿ ಗಾಳಿ ಹಿಡಿದಿಡುವ ಮುಚ್ಚಳ ಇರುತ್ತದೆ. ಸಿಬ್ಬಂದಿಗೆ ಅದು ಗೊತ್ತಿದೆಯೇ ಕೇಳಿ. ಗಾಳಿ ಹಾಸಿಗೆಯ ಕೆಳಗೆ ಒಳ್ಳೆಯ ಫೋಮ್ ಹಾಸಿಗೆ ಇರಲೇಬೇಕು. ಗಾಳಿ ಹಾಸಿಗೆ ಇದೆ ಎಂದು ಹೊರಳಿಸುವುದನ್ನು ಬಿಡುವ ಹಾಗೂ ಇಲ್ಲ.

ಎರಡನೆಯದು ಆಮ್ಲಜನಕ. ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ, ಕಾನ್ಸಂಟ್ರೇಟರ್, ಕರೆಂಟಿಲ್ಲದೆ ಓಡದು. ಹಿಂದೆ ಸಿಲಿಂಡರ್ ಇರಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಕೊಟ್ಟರೆ ಹನ್ನೆರಡು ಗಂಟೆ ಬರುತ್ತದೆ. ದಾರಿ ಮುಚ್ಚಿ ಎರಡು ದಿನ ಸಿಕ್ಕಿಕೊಂಡರೆ ಒಬ್ಬರಿಗೇ ನಾಲ್ಕು ಸಿಲಿಂಡರ್ ಬೇಕು. ಸಿಲಿಂಡರ್ ಇದ್ದರೆ ಸಾಲದು, ಮೀಟರ್ ಮುಳ್ಳು ನೋಡಿ; ಅದನ್ನು ತೆರೆಯುವ ಕೀಲಿ ಅದಕ್ಕೇ ಕಟ್ಟಿರಬೇಕು.

ಜನರೇಟರ್ ಇದೆ ಎಂದರೆ ಎದುರಿಗೇ ಸ್ಟಾರ್ಟ್ ಮಾಡಿಸಿ. ಏನೂ ಸಂಕೋಚ ಬೇಡ. ಎಷ್ಟು ಲೀಟರ್ ಡೀಸೆಲ್ ದಾಸ್ತಾನಿದೆ, ಗಂಟೆಗೆ ಎಷ್ಟು ಕುಡಿಯುತ್ತದೆ, ರಾತ್ರಿ ಅದನ್ನು ಹಚ್ಚಲು ಬರುವವರು ಯಾರು? ಹಚ್ಚಲು ಬರುವ ಒಬ್ಬನೇ ಡ್ರೈವರ್ ರಾತ್ರಿ ಮನೆಗೆ ಹೋಗುವವನಾದರೆ ಜನರೇಟರ್ ಇದ್ದೂ ಇಲ್ಲ.

ಜಾಗ ಎಲ್ಲಿದೆ ಎಂಬುದನ್ನು 2018ರ ಆಗಸ್ಟ್ ನಂತರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆಗ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಇಳಿದವು, ಮಡಿಕೇರಿ-ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿತ್ತು. 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೂ ಸಿದ್ದಾಪುರದ ಕರಡಿಗೋಡಿಗೂ ನೀರು ನುಗ್ಗಿತ್ತು. ಕಟ್ಟಡದ ಹಿಂದೆ ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಬರೆ (ಗುಡ್ಡದ ಮಣ್ಣಿನ ಗೋಡೆ) ಇದೆಯೇ, ಅದರ ಮೇಲಿನ ಮರಗಳು ವಾಲಿವೆಯೇ, ನೆಲದಲ್ಲಿ ಬಿರುಕು ಬಿಟ್ಟಿದೆಯೇ, ಚರಂಡಿ ಮುಚ್ಚಿಹೋಗಿದೆಯೇ ಹಿಂದಕ್ಕೆ ಹೋಗಿ ನೋಡಿ. ಎದುರಿನ ವ್ಯೂ ಎಷ್ಟು ಚೆಂದವೋ ಹಿಂದಿನ ಬರೆ ಅಷ್ಟೇ ಕಡಿದಾಗಿರುವುದು ನಮ್ಮ ಕಡೆ ಮಾಮೂಲು. ಜಾಗ ಖಾಲಿ ಮಾಡಿ ಎಂದು ಜಿಲ್ಲಾಡಳಿತ ಹೇಳಿದರೆ ಹಾಸಿಗೆ ಹಿಡಿದವರನ್ನು ಯಾವ ಗಾಡಿಯಲ್ಲಿ, ಎಲ್ಲಿಗೆ ಒಯ್ಯುತ್ತೀರಿ ಎಂಬುದಕ್ಕೆ ಊರಿನ ಹೆಸರು ಸಮೇತ ಉತ್ತರ ಬರಬೇಕು.

ಬಟ್ಟೆ ಒಣಗಿಸುವ ಜಾಗವನ್ನು ಕೇಳಿ ನೋಡುವವರು ಕಮ್ಮಿ. ನಿಜ ಹೇಳಬೇಕೆಂದರೆ ಮಳೆಗಾಲದ ಆರೈಕೆಯ ಅರ್ಧ ಗುಟ್ಟು ಅಲ್ಲಿದೆ. ಅರೆ ಒಣಗಿದ ಬಟ್ಟೆ ಹಾಕಿದರೆ ತೊಡೆಸಂದಿ, ಎದೆಯ ಕೆಳಗೆ, ಕಂಕುಳಲ್ಲಿ ಶಿಲೀಂಧ್ರದ ಹುಣ್ಣು ಗ್ಯಾರಂಟಿ. ಡ್ರೈಯರ್ ಇದೆಯೇ, ಇಲ್ಲ ಒಲೆಯ ಮೇಲೆ ಅಟ್ಟ ಕಟ್ಟಿದ ಕೋಣೆ ಇದೆಯೇ? ಒಂದು ಮಂಚಕ್ಕೆ ಕಡಿಮೆ ಎಂದರೂ ನಾಲ್ಕು ಜೊತೆ ಹೊದಿಕೆ, ಹಾಸು ಇರಬೇಕು. ದಿಂಬು ಮುಟ್ಟಿ ನೋಡಿ, ತಣ್ಣಗೆ ಅಂಟಂಟಾಗಿದ್ದರೆ ತೇವ ಇದೆ.

ಚಳಿಗೆ ಏನು ಮಾಡುತ್ತಾರೆ? ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಪ್ರಾಣಕ್ಕೇ ಕುತ್ತು: ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗಾಳಿಯಾಡದ ಬಾತ್‌ರೂಮಿನೊಳಗೇ ಹಾಕಿದ ಗ್ಯಾಸ್ ಗೀಸರಿನದೂ ಅದೇ ಕಥೆ. ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿದವರ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ. ಸಾಕ್ಸ್, ಪದರ ಪದರವಾಗಿ ಬಟ್ಟೆ, ಕೋಣೆಯ ಹೊರಗಿನಿಂದ ಬರುವ ಬಿಸಿ ಇವು ಸುರಕ್ಷಿತ.

ಮರೆವಿನ ಕಾಯಿಲೆಯವರಿದ್ದರೆ

ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆಗಳು ಹಿಂದೆ ಸರಿದು ಹುಟ್ಟುಮಾತು ಉಳಿಯುತ್ತದೆ. ಕೊಡವ ತಕ್ ಮಾತ್ರ ಬಾಯಿಗೆ ಬರುವ ಅವ್ವನಿಗೆ, ಹಿಂದಿ ಮಾತ್ರ ಬರುವ ಹುಡುಗಿ ರಾತ್ರಿ ಪಾಳಿಗಿದ್ದರೆ, “ನೀರು ಬೇಕು” ಎನ್ನುವುದೂ ದಾಟುವುದಿಲ್ಲ. ಆಗ ಕೂಗು, ಸಿಟ್ಟು, ಕೊನೆಗೆ ನಿದ್ದೆ ಮಾತ್ರೆ. ಅರೆಭಾಷೆಯವರಿಗೂ ಮಲಯಾಳದವರಿಗೂ ಇದೇ ಮಾತು. ಪ್ರತಿ ಪಾಳಿಯಲ್ಲಿ ಆ ಭಾಷೆ ಬರುವ ಒಬ್ಬರಾದರೂ ಇರಬೇಕು. ಹೊರಗಿನಿಂದ ಬಂದವರಿಗೆ ನೀರು, ನೋವು, ಹಸಿವು, ಬಾತ್‌ರೂಮ್, ಚಳಿ ಇಂಥ ಹದಿನೈದಿಪ್ಪತ್ತು ಮಾತನ್ನು ಹಾಳೆಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದರೆ ಅರ್ಧ ಜಗಳ ನಿಲ್ಲುತ್ತದೆ.

ಸುತ್ತ ಕಾಫಿ ತೋಟವಿದ್ದರೆ ಗೇಟು, ಬೇಲಿ, ಕೆರೆ ಮೂರನ್ನೂ ನೋಡಿ. ಮನೆಗೆ ಹೋಗುತ್ತೇನೆಂದು ಸಂಜೆ ಹೊರಟುಬಿಡುವುದು ಈ ಕಾಯಿಲೆಯ ಸ್ವಭಾವ. ತೋಟದ ಕೆರೆಗಳಿಗೆ ಬೇಲಿ ಇರುವುದು ಅಪರೂಪ, ಸಿದ್ದಾಪುರ, ಮಾಲ್ದಾರೆ ಕಡೆಯಾದರೆ ಆನೆಯೂ ಉಂಟು. ಬಾಗಿಲಿಗೆ ಗಂಟೆ, ದಿನಕ್ಕೆ ನಾಲ್ಕು ಸಲ ತಲೆ ಎಣಿಕೆ, ಇತ್ತೀಚಿನ ಫೋಟೊ ಇಷ್ಟಿರಬೇಕು. ಎಲ್ಲರನ್ನೂ ಕೋಣೆಗೆ ಬೀಗ ಹಾಕುವುದು ಉತ್ತರವಲ್ಲ. ಬೆಂಕಿ ಬಿದ್ದರೆ ಬೀಗದ ಕೈ ಯಾರ ಜೇಬಿನಲ್ಲಿ?

ಆಸ್ಪತ್ರೆಗೆ ಎಷ್ಟು ದೂರ, ಹೇಳುವವರು ಯಾರು

ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಹೋಗುವುದಕ್ಕೇ ಮೂರು ಗಂಟೆ ಹಿಡಿಯಬಹುದು. ಆ ಗಡಿಯಾರ ಶುರುವಾಗುವುದು “ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದ ಹೊತ್ತಿನಿಂದ”. ರಾತ್ರಿ ಹತ್ತಕ್ಕೆ ದೀಪ ಆರಿಸಿ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಮನೆಯಲ್ಲಿ ಆ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ರಾತ್ರಿ ಸುತ್ತಿನ ಹಾಳೆ ಮುಖ್ಯ ಎನ್ನುವುದು ಇದಕ್ಕೂ ಹೌದು.

ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದು, 108 ಬರುವ ತನಕ ಕಾಯುತ್ತಾರೋ ಸ್ವಂತ ಗಾಡಿ ಇದೆಯೋ, ಜೊತೆಗೆ ಯಾರು ಹೋಗುತ್ತಾರೆ? ಮುಖ್ಯವಾಗಿ, ಮನೆಯವರ ಫೋನ್ ಸಿಗದಿದ್ದರೆ ಕರೆದೊಯ್ಯುತ್ತಾರೋ ಕಾಯುತ್ತಾರೋ? ಕಾಯದೆ ಕರೆದೊಯ್ಯಲು ಬರಹದಲ್ಲೇ ಒಪ್ಪಿಗೆ ಕೊಟ್ಟಿಡಿ. ಊರಲ್ಲಿರುವ ಒಕ್ಕದವರೊಬ್ಬರ, ಅಂದರೆ ಮನೆತನದವರೊಬ್ಬರ ನಂಬರನ್ನೂ ಕೊಡಿ.

ದುಡ್ಡು, ಕರಾರು

ಕರಾರುಪತ್ರ ಓದದೆ ಸಹಿ ಹಾಕಬೇಡಿ. ಠೇವಣಿ ವಾಪಸು ಬರುತ್ತದೆಯೇ, ಎಷ್ಟು ದಿನದಲ್ಲಿ? ಡೈಪರ್, ಔಷಧ, ವೈದ್ಯರ ಭೇಟಿ, ಫಿಸಿಯೊ, ಗಾಡಿ ತಿಂಗಳ ಫೀಸಿನಲ್ಲಿ ಸೇರಿದೆಯೇ? ಡೈಪರ್ ದಿನಕ್ಕೆ ನಾಲ್ಕರಿಂದ ಆರು ಬೇಕಾಗಬಹುದು, ತಿಂಗಳಿಗೆ 120ರಿಂದ 180; ಬಿಲ್ಲಿನಲ್ಲಿ 60 ಎಂದಿದ್ದರೆ ಅಗ್ಗವಾಯಿತೆಂದು ಖುಷಿಪಡಬೇಡಿ, ಒದ್ದೆಯಲ್ಲೇ ಮಲಗಿದ್ದಾರೆ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಫೀಸು ಕಮ್ಮಿ ಮಾಡುತ್ತಾರೆಯೇ, ಕಾಯಿಲೆ ಹೆಚ್ಚಾದರೆ ಕರೆದುಕೊಂಡು ಹೋಗಿ ಎನ್ನುತ್ತಾರೆಯೇ, ಎಷ್ಟು ದಿನದ ನೋಟಿಸ್ ಕೊಟ್ಟು? ಆಸ್ತಿ ಬರೆದುಕೊಡಿ, ಕೊನೆತನಕ ನೋಡಿಕೊಳ್ಳುತ್ತೇವೆ ಎನ್ನುವವರಿಂದ ದೂರ ಇರಿ. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯರು ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದು ಮಾಡಿಸಲು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇದೆ. ಆದರೆ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಓಡಾಟ ತಪ್ಪಿದ್ದಲ್ಲ.

ಸೇರಿಸಿದ ಮೇಲೆ

ಸೇರಿಸುವ ದಿನವೇ ಬೆನ್ನು, ಸೊಂಟ, ಹಿಮ್ಮಡಿಯ ಚರ್ಮವನ್ನು ನರ್ಸ್ ಎದುರಿಗೇ ನೋಡಿ, ಹುಣ್ಣು ಇದ್ದರೂ ಇಲ್ಲದಿದ್ದರೂ ಇಬ್ಬರೂ ಸಹಿ ಹಾಕಿ ಬರೆದಿಡಿ. ತೂಕವನ್ನೂ ಬರೆಯಿರಿ. ಇದಿಲ್ಲದಿದ್ದರೆ ಆಮೇಲೆ “ಬರುವಾಗಲೇ ಇತ್ತು” ಎಂಬ ಮಾತಿಗೆ ಎದುರು ಹೇಳಲಾಗದು. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಮಿಷನ್ ಎಲ್ಲದಕ್ಕೂ ಹೆಸರು ಹಚ್ಚಿ. ಮೊದಲು ಕಳೆದುಹೋಗುವುದು ಕಿವಿಯ ಮಿಷನ್. ಅದು ಹೋದರೆ ಮಾತು ನಿಲ್ಲುತ್ತದೆ, ಮಂಕು ಎನ್ನುತ್ತಾರೆ.

ಮೊದಲ ತಿಂಗಳು ಹೇಳದೆ ಹೋಗಿ, ಬೇರೆ ಬೇರೆ ಹೊತ್ತಿಗೆ ಹೋಗಿ: ಬೆಳಿಗ್ಗೆ ಏಳಕ್ಕೆ, ರಾತ್ರಿ ಊಟದ ಹೊತ್ತಿಗೆ, ಭಾನುವಾರ ಮಧ್ಯಾಹ್ನ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನ, ಡಿಸೆಂಬರಿನಿಂದ ಕಾಫಿ ಕುಯ್ಲು ಶುರುವಾಗಿ ಕೂಲಿಗೆ ಜನ ತೋಟಕ್ಕೆ ಹೋಗುವ ವಾರಗಳಲ್ಲಿ ಒಮ್ಮೆ ತಪ್ಪದೆ ಹೋಗಿ. ಹನ್ನೊಂದರಿಂದ ಹನ್ನೆರಡು ಮಾತ್ರ ಭೇಟಿ ಎನ್ನುವ ಮನೆ ಏನನ್ನೋ ಮುಚ್ಚುತ್ತಿದೆ. ದೂರ ಇರುವವರು ವಿಡಿಯೊ ಕರೆ ಮಾಡುವಾಗ ಮುಖ ಮಾತ್ರವಲ್ಲ, ಹಿಮ್ಮಡಿ ತೋರಿಸಿ ಎನ್ನಿ. “ಚೆನ್ನಾಗಿದ್ದೀರಾ” ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. “ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ರಾತ್ರಿ ಕರೆದರೆ ಯಾರು ಬರುತ್ತಾರೆ” ಎಂದು ಕೇಳಿ, ಉತ್ತರವನ್ನು ಅಡುಗೆಯವರ ಮಾತಿಗೆ ಹೋಲಿಸಿ.

ಬೆನ್ನಿನ ತಳದಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಸರಿ; ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಸಿಗುತ್ತದೆ. ಈ ಹಂತದಲ್ಲಿ ಹೇಳಿ ಸರಿಪಡಿಸಿಕೊಳ್ಳಬಹುದು. ದೂರನ್ನು ಬಾಯಲ್ಲಿ ಹೇಳಿ ಬಿಡದೆ ವಾಟ್ಸ್ಆ್ಯಪ್‌ನಲ್ಲಾದರೂ ಬರೆದು ಕಳಿಸಿ, ಒಂದು ವಾರ ಕೊಡಿ. ಆಯಾಗಳ ಮೇಲೆ ಹಾರಾಡಬೇಡಿ. ಜನ ಸಾಲದಿರುವುದು ಅವರ ತಪ್ಪಲ್ಲ, ಆ ಸಿಟ್ಟು ರಾತ್ರಿ ನಿಮ್ಮ ಅಪ್ಪನ ಮೇಲೆ ಇಳಿದೀತು.

ಕೇಳದಿದ್ದರೆ ದಾರಿಗಳಿವೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ವೃದ್ಧಾಶ್ರಮವಾದರೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ, ಕೆಪಿಎಂಇ ನೋಂದಣಿ ಇರುವ ಜಾಗವಾದರೆ ಜಿಲ್ಲಾ ಆರೋಗ್ಯಾಧಿಕಾರಿ, ಠೇವಣಿ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಹೊಡೆದ ಗುರುತು, ಕಟ್ಟಿಹಾಕಿದ್ದು, ಎಬ್ಬಿಸಿದರೂ ಏಳದ ಮಂಪರು ಕಂಡರೆ ದೂರು ಆಮೇಲೆ, ಅದೇ ದಿನ ಹೊರಗೆ ಕರೆತನ್ನಿ. ತರುವಾಗ ಔಷಧಿ ಹಾಳೆ ಮತ್ತು ಕೊನೆಯ ಒಂದು ವಾರದ ರಿಜಿಸ್ಟರ್ ಪುಟಗಳ ಫೋಟೊ ತೆಗೆದುಕೊಳ್ಳಿ, ಮಧ್ಯದಲ್ಲಿ ಮನೆಗೆ ಹೋಗದೆ ನೇರ ಆಸ್ಪತ್ರೆಯಲ್ಲಿ ಒಮ್ಮೆ ಮೈಯೆಲ್ಲ ತೋರಿಸಿ ಬರೆಸಿಕೊಳ್ಳಿ.